ಸಹ್ಯಾದ್ರಿಯನ್ನು ಜರಡಿ ಹಿಡಿದ ಹದಿನಾರು ವರ್ಷ

ನನ್ನ ಕೆಲಸದ ಕೊನೆಯ ದಿನವೂ ಶುರುವಾದದ್ದು ಇರುವೆ ಗುಡಿಸುವುದರಿಂದಲೇ. ಜಮಖಂಡಿಯ ನಮ್ಮ ಮನೆಯ ಹೊಸ್ತಿಲಿಗೂ ಇರುವೆಗಳಿಗೂ ಅದೇನು ಋಣಾನುಬಂಧವೋ! ವರ್ಷಗಳಿಂದ ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಎಡಮೂಲೆಯಿಂದ ಪಕ್ಕದ ಮನೆಯ ಗೋಡೆಯ ಬಿರುಕಿನವರೆಗೆ ಒಂದು ಕೆಂಪು ಸಾಲು. ಒಂದೊಂದರ ಬಾಯಲ್ಲೂ ಏನೋ ಬಿಳಿ ಚೂರು. ತಮ್ಮ ಮೊಟ್ಟೆ ಸಾಗಿಸುತ್ತಿವೆ ಪಾಪ, ಎಂದುಕೊಂಡು ಮೆಲ್ಲಗೆ ಗುಡಿಸುತ್ತಿದ್ದೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ನಮ್ಮ ರಸ್ತೆಯಲ್ಲೇ ಹಾಯುವುದರಿಂದ ಇಲ್ಲಿನ ಧೂಳೇ ಸಿಹಿ, ಅದಕ್ಕೇ ಇರುವೆ ಎಂಬುದು ನಮ್ಮ ಯಜಮಾನರ ಸಿದ್ಧಾಂತ. ಪಂಪಿನ ಬಿಡಿಭಾಗದ ಅಂಗಡಿ ಇಟ್ಟವರು ಅವರು. ಎಲ್ಲಕ್ಕೂ ಒಂದು ಸಿದ್ಧಾಂತ ಅವರ ಹತ್ತಿರ ಇರುತ್ತದೆ, ಬೇಕಾದ ವಾಷರ್ ಮಾತ್ರ ಇರುವುದಿಲ್ಲ.

ಇರುವೆ ಗುಡಿಸಿ, ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಹಾಕದೆಯೇ ಒಳಗೆ ಬಂದೆ. ಹನ್ನೊಂದು ವರ್ಷದಿಂದ ಹಾಗೆಯೇ. ಅದರ ಕತೆ ಮುಂದೆ ಬರುತ್ತದೆ. ಹಾಲಿಟ್ಟೆ. ಯಜಮಾನರ ಚಹಾಕ್ಕೆ ಸಕ್ಕರೆ ಹಾಕದೆ ನನ್ನದಕ್ಕೆ ಹಾಕಿಕೊಂಡೆ. ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದ ಇಪ್ಪತ್ತೆರಡು ಬಾಟಲಿಗಳನ್ನು ಒಮ್ಮೆ ಎಣಿಸಿದೆ, ಚಹಾ ಕುಡಿದು ಮತ್ತೊಮ್ಮೆ ಎಣಿಸಿದೆ. ಮುಧೋಳದ ಘಟಪ್ರಭೆಯ ದಂಡೆಯಿಂದ ತಂದು ತೊಳೆದು ಒಣಗಿಸಿದ ಉಸುಕು ಅದರಲ್ಲಿತ್ತು. ಮಧ್ಯಾಹ್ನ ವ್ಯಾನು ಬಂದು ಅದನ್ನು ಒಯ್ದರೆ ನನ್ನ ಕೆಲಸ ಮುಗಿದಂತೆ.

ಈ ಕೆಲಸಕ್ಕೆ ಈಗ ಬೀಳಗಿಯ ಹುಡುಗಿ ಸವಿತಾ ಬರುತ್ತಿದ್ದಾಳೆ. ಅವಳಿಗಾಗಿ, ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೇಮಕದ ಕಾಗದದಲ್ಲಿ ಕೆಲಸದ ಹೆಸರು ದೊಡ್ಡದಾಗಿದೆ. ನಿಜದಲ್ಲಿ ಅದು ಹೊಳೆಯ ಉಸುಕು ತೊಳೆಯುವ ಕೆಲಸ.

ನನಗೆ ಅದು ಸಿಕ್ಕದ್ದು ಅಕ್ಷರದಿಂದ. ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರು ಇಂಗ್ಲಿಷಿನ ಜಿ ಅಕ್ಷರದ ಬಾಲ ಗೆರೆಯ ಕೆಳಗೆ ಒಂದು ನೂಲು ಹೆಚ್ಚು ಇಳಿದರೂ ಅಡಿಪಟ್ಟಿಯಿಂದ ಬೆರಳ ಗಂಟಿಗೆ ಮುಟ್ಟಿಸುತ್ತಿದ್ದರು. ಮದುವೆಯಾಗಿ ಜಮಖಂಡಿಗೆ ಬಂದ ಮೇಲೆ ಆ ಚೆಂದದ ಅಕ್ಷರ ಉಪ್ಪಿನಕಾಯಿ ಭರಣಿಗಳ ಮೇಲೆ ಮಾತ್ರ ಮೆರೆಯುತ್ತಿತ್ತು. ಮಾಲತಿ ಮೇಡಂ ಬಾಡಿಗೆಗೆ ಅಂಗಳವಿರುವ ಮನೆ ಹುಡುಕುತ್ತ ನಮ್ಮಲ್ಲಿಗೆ ಬಂದವರು ಭರಣಿಗಳನ್ನು ನೋಡಿದರು. ಮೈಸೂರಿನ ಕಡೆಯ ಭೂವಿಜ್ಞಾನಿ, ಎತ್ತರದ ಆಳು, ನಗು ಕಡಿಮೆ. "ಈ ಲೇಬಲ್ ಬರೆದವರು ಯಾರು? ಮಾವಿನಕಾಯಿ, ನಿಂಬೆಕಾಯಿ, ಹಾಕಿದ ದಿನ, ಉಪ್ಪಿನ ಅಳತೆ, ಎಲ್ಲ ಬರೆದಿದೀರಲ್ಲ!" ಎಂದರು. ಅದೇ ನನ್ನ ಸಂದರ್ಶನ.

ಉಸುಕಿನಲ್ಲಿ ಏನು ಹುಡುಕುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ನನಗೆ ತಿಳಿದಷ್ಟು ಹೇಳುತ್ತೇನೆ. ನಮ್ಮ ಕೃಷ್ಣೆ, ಘಟಪ್ರಭೆ ಎರಡೂ ಹುಟ್ಟುವುದು ಸಹ್ಯಾದ್ರಿಯಲ್ಲಿ. ಅಲ್ಲಿಯ ಕಲ್ಲು ಸವೆದು, ದಾರಿಯ ಕಲ್ಲೂ ಸೇರಿ, ಉಸುಕಾಗಿ ನಮ್ಮ ದಂಡೆಗೆ ಬಂದು ಪದರ ಪದರವಾಗಿ ಕೂರುತ್ತದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಆ ಉಸುಕಿನಲ್ಲಿ ಬೆಣಚುಕಲ್ಲಿನ ಬಿಳಿ ಹರಳುಗಳಿರುತ್ತವೆ. ಕಲ್ಲು ನೆಲದ ಮೇಲ್ಭಾಗದಲ್ಲಿ ಬಯಲಿಗೆ ಬಿದ್ದಿರುವಾಗ ಆಕಾಶದಿಂದ ಬರುವ ಕಿರಣಗಳು ತಾಗಿ ಅದರೊಳಗೆ ಬೆರಿಲಿಯಂ ಎಂಬುದರ ಒಂದು ಐಸೊಟೋಪು ಹುಟ್ಟುತ್ತದೆ. ಹೊಲದಲ್ಲಿ ಹೆಚ್ಚು ಹೊತ್ತು ನಿಂತವರ ಮೈ ಹೆಚ್ಚು ಕಪ್ಪಾದ ಹಾಗೆ, ಬೆಟ್ಟ ನಿಧಾನ ಸವೆದರೆ ಹರಳು ಬಹಳ ಕಾಲ ಬಯಲಿನಲ್ಲಿರುತ್ತದೆ, ಅದರಲ್ಲಿ ಆ ಐಸೊಟೋಪು ಹೆಚ್ಚಿರುತ್ತದೆ. ಬೆಟ್ಟ ಬೇಗ ಸವೆದರೆ ಕಡಿಮೆ ಇರುತ್ತದೆ. ಪದರದಿಂದ ಪದರಕ್ಕೆ ಅಳೆದರೆ ಬೆಟ್ಟ ಯಾವ ಕಾಲದಲ್ಲಿ ಎಷ್ಟು ವೇಗದಲ್ಲಿ ಕರಗಿತು ಎಂದು ತಿಳಿಯುತ್ತದೆ.

ಐಸೊಟೋಪು ಅಂದರೇನು ಎಂದು ಕೇಳಿದವನು ಬೀರಪ್ಪ. ಹುನ್ನೂರಿನ ಕಡೆಯ ಕುರಿಗಾರ, ಹೊಳೆದಂಡೆಯ ಒಂದೊಂದು ತಿರುವೂ ಗೊತ್ತಿದ್ದವನು, ನಮಗೆ ಗುಂಡಿ ತೋಡುವವನು. ನಾನು ಹೇಳಿದೆ: "ನಮ್ಮ ಓಣ್ಯಾಗ ಮೂರ ಮಂದಿ ಮಲ್ಲಪ್ಪ ಅದಾರಲ್ಲ? ಒಂದ ಮನೆತನ, ಒಂದ ಹೆಸರ, ಗುಣಾನೂ ಒಂದ. ತೂಕ ಅಷ್ಟ ಬ್ಯಾರೆ. ಹಂಗ."

ಬೀರಪ್ಪ ಯೋಚಿಸಿ, "ಹಂಗಾದ್ರ ನಾವ ಹುಡಕಾಕತ್ತಿದ್ದು ದಪ್ಪ ಮಲ್ಲಪ್ಪನ್ನ ಅನ್ರಿ" ಎಂದ. ಆಮೇಲೆ ಹದಿನಾರು ವರ್ಷ ಅವನ ಬಾಯಲ್ಲಿ ಅದರ ಹೆಸರು ದಪ್ಪ ಮಲ್ಲಪ್ಪ. "ಮ್ಯಾಡಮ್ರ, ಈ ಸಲ ಮಲ್ಲಪ್ಪ ಸಿಕ್ಕಾನೇನ್ರಿ?" ಎಂದು ಕೇಳಿದರೆ ನಗದ ಮೇಡಂ ಕೂಡ ಮುಖ ಆಚೆ ತಿರುಗಿಸುತ್ತಿದ್ದರು.

ಇನ್ನು ನನ್ನ ತಪ್ಪುಗಳು. ಮೊದಲನೆಯದು ಚಿಮ್ಮಡದ ಹತ್ತಿರ ಆದದ್ದು. ಗುಂಡಿಯ ಗೋಡೆಯಿಂದ ಹತ್ತು ಪದರಗಳ ಮಣ್ಣು ತೆಗೆದು ನಂಬರು ಹಾಕಬೇಕಿತ್ತು. ಹಳೆಯದು ಒಂದು, ಹೊಸದು ಹತ್ತು. ನಾನು ಕಿರಾಣಿ ಯಾದಿ ಬರೆಯುವ ರೂಢಿಯವಳು, ಮೇಲಿನಿಂದ ಕೆಳಗೆ ಬರೆದೆ. ಒಂದು ವಾರ ಸಹ್ಯಾದ್ರಿ ಹಿಂದುಮುಂದಾಗಿ ಸವೆಯಿತು. ಮೇಡಂ ಕಾಗದ ನೋಡಿ, "ಇದರ ಪ್ರಕಾರ ಬೆಟ್ಟ ಇನ್ನೂ ಹುಟ್ಟಬೇಕು" ಎಂದರು.

ಅದೇ ಚಿಮ್ಮಡದಲ್ಲಿ ಗುಂಡಿಯ ಸುತ್ತ ಜನ ಸೇರಿದ್ದರು. ಬಂಗಾರ ತೆಗೆಯುತ್ತಿದ್ದಾರೆ ಎಂದು ಕೆಲವರು, ಉಸುಕು ಕದಿಯುತ್ತಿದ್ದಾರೆ ಎಂದು ಕೆಲವರು. ಬೆಟ್ಟ ಸವೆಯುವುದನ್ನು ಅಳೆಯುತ್ತೇವೆ ಎಂದೆ. ಒಬ್ಬ ಹಿರಿಯರು, "ಎಷ್ಟ ಸವದೀತವಾ?" ಎಂದರು. ಒಂದು ಆಯುಷ್ಯಕ್ಕೆ ಹೆಚ್ಚೆಂದರೆ ಒಂದು ಜೋಳದ ಕಾಳಿನ ದಪ್ಪ ಎಂದೆ. ಅವರು ನಮ್ಮ ಹಾರೆ, ಬುಟ್ಟಿ, ವ್ಯಾನು, ಮೇಡಂ ಎಲ್ಲವನ್ನೂ ನಿಧಾನವಾಗಿ ನೋಡಿದರು. "ಕಾಳಿನಷ್ಟ ಸವ್ಯಾಕ ಇಷ್ಟ ಮಂದಿ ಯಾಕ ಕಾಯಾಕತ್ತೀರಿ? ಮನಿಗ್ ಹೋಗ್ರಿ, ಎಲ್ಲೂ ಓಡಿ ಹೋಗೂದಿಲ್ಲದು" ಎಂದು ತಾವೇ ಮೊದಲು ಮನೆಗೆ ಹೋದರು. ಅವರ ಹಿಂದೆ ಜನವೂ ಕರಗಿತು.

ಚೀಲಗಳದ್ದು ಇನ್ನೊಂದು. ಮಾದರಿ ತುಂಬಲು ಬಿಳಿ ಅರಿವೆಯ ಚೀಲ ಹೊಲಿಸಿ ಎಂದು ಮೇಡಂ ಹೇಳಿದ್ದರು. ಬನಹಟ್ಟಿಯ ನೇಕಾರರ ಮನೆಗೆ ಹೋದರೆ ಅಷ್ಟು ಸಣ್ಣ ಅಳತೆಗೆ ಮಗ್ಗ ಯಾರು ಹೂಡುತ್ತಾರೆ? ಸೀರೆಯ ತುದಿಯಲ್ಲಿ ಉಳಿದ ತುಂಡುಗಳನ್ನು ಕೊಟ್ಟರು, ಅಂಚು ಸಮೇತ. ನಾನು ಅದರಲ್ಲೇ ಹೊಲಿದೆ. ಕೃಷ್ಣೆಗೆ ಕೆಂಪು ಅಂಚು, ಘಟಪ್ರಭೆಗೆ ಹಸಿರು ಅಂಚು. ದೊಡ್ಡ ಪ್ರಯೋಗಾಲಯದಲ್ಲಿ ಅವನ್ನು ಬಿಚ್ಚಿದಾಗ ಅಲ್ಲಿಯವರು ಮೇಡಂಗೆ, "ಬೆಟ್ಟಕ್ಕೆ ಸೀಮಂತವೇ?" ಎಂದು ಕೇಳಿದರಂತೆ. ಮುಂದಿನ ವರ್ಷ ನಾನು ಬಿಳಿ ಚೀಲ ಕಳಿಸಿದರೆ ಅವರೇ ಫೋನು ಮಾಡಿಸಿದರು: ಅಂಚಿನವನ್ನೇ ಕಳಿಸಿ, ಈಗ ಯಾವ ಹೊಳೆ ಯಾವುದು ಎಂದೇ ತಿಳಿಯುತ್ತಿಲ್ಲ.

ಈಗ ರಂಗೋಲಿ.

ಕೃಷ್ಣೆಯ ಉಸುಕು ಕಪ್ಪು. ಅದರಲ್ಲಿ ಬೆಣಚು ಬಲು ಅಪರೂಪ. ಒಂದು ಬುಟ್ಟಿ ಉಸುಕನ್ನು ತೊಳೆದು, ಜರಡಿ ಹಿಡಿದು, ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಅರಿವೆ ಸುತ್ತಿ ಕಪ್ಪು ಕಣಗಳನ್ನೆಲ್ಲ ಎಳೆದು ತೆಗೆದರೆ ಕೊನೆಗೆ ಬಿಳಿ ಹರಳು ಒಂದು ಮುಷ್ಟಿಯೂ ಉಳಿಯುವುದಿಲ್ಲ. ಅಷ್ಟರಲ್ಲೇ ಬೆಟ್ಟದ ಚರಿತ್ರೆ ಇರಬೇಕು. ಹದಿನೇಳನೆಯ ಚೀಲದ ಉಸುಕನ್ನು ಹೀಗೆ ಒಮ್ಮೆ ತೊಳೆದು ಅಂಗಳದಲ್ಲಿ ಹಾಸಿನ ಮೇಲೆ ರಾಶಿ ಹಾಕಿ, ನಾನು ಮುಧೋಳಕ್ಕೆ ಒಂದು ಮದುವೆಗೆ ಹೋದೆ.

ಪಕ್ಕದ ಮನೆಯ ಗಂಗವ್ವ ನನ್ನ ಗೆಳತಿ. ಬಾಯಿ ಜೋರು, ಕೈ ಧಾರಾಳ. ಅವಳ ಅಂಗಳಕ್ಕೆ ರಂಗೋಲಿ ಹಾಕಿ ಉಳಿದ ಪುಡಿಯಲ್ಲಿ ನಮ್ಮ ಹೊಸ್ತಿಲಿಗೂ ನಾಲ್ಕು ಎಳೆ ಎಳೆದೇ ಒಳಗೆ ಹೋಗುವವಳು. ಒಕ್ಕಲುತನದ ಮನೆಯವರಿಗೆ ರಾಶಿ ಅಂದರೆ ಲಕ್ಷ್ಮಿ, ಅದನ್ನು ಬೋಳಾಗಿ ಬಿಡುವಂತಿಲ್ಲ. ಆ ದಿನ ಅವಳ ಕಣ್ಣಿಗೆ ನನ್ನ ಉಸುಕಿನ ರಾಶಿ ಬಿತ್ತು. ಅದೂ ಕೃಷ್ಣಾ ಹೊಳೆಯದು! ನಾನು ಮದುವೆಯಿಂದ ಬರುವಷ್ಟರಲ್ಲಿ ರಾಶಿಯ ಸುತ್ತ ಎರಡೆಳೆ ರಂಗೋಲಿ, ರಾಶಿಯ ನೆತ್ತಿಯ ಮೇಲೆ ಒಂದು ಕಮಲ, ನಡುವೆ ಕುಂಕುಮ. ಕಮಲ ಬಹಳ ಚೆಂದವಿತ್ತು, ಅದನ್ನು ಹೇಳಲೇಬೇಕು.

ನಾನು ಚಮಚದಿಂದ ಮೇಲಿನ ಬಿಳಿಯನ್ನೆಲ್ಲ ಎತ್ತಿ ತೆಗೆದೆ. ಆಯಿತು, ಸ್ವಚ್ಛವಾಯಿತು ಎಂದುಕೊಂಡೆ. ನಮ್ಮ ದಾಖಲೆ ಪುಸ್ತಕದಲ್ಲಿ ಕೊನೆಗೆ ಷರಾ ಎಂಬ ಒಂದು ಮನೆ ಇರುತ್ತದೆ. ಅಲ್ಲಿ ನಡೆದದ್ದನ್ನು ಬರೆಯಬೇಕಿತ್ತು. ಆದರೆ ಹಾಸಿನ ಮೇಲೆ ಕಣ್ಣಿಡದೆ ಊಟಕ್ಕೆ ಹೋಗಿದ್ದೆ ಎಂದು ಬರೆಯಲು ನಾಚಿಕೆಯಾಯಿತು. ಕೊನೆಯ ಎಲ್ ಅಕ್ಷರದ ಬಾಲವನ್ನು ಸರಿಯಾಗಿ ಸುರುಳಿ ಮಾಡಿ, ಇಂಗ್ಲಿಷಿನಲ್ಲಿ 'ನಿಲ್', ಅಂದರೆ ಏನೂ ಇಲ್ಲ, ಎಂದು ಬರೆದೆ.

ಮರುವರ್ಷ ಮೇಡಂ ಫೋನು ಬಂತು. ದನಿಯಲ್ಲಿ ಕುಣಿತವಿತ್ತು. "ಹದಿನೇಳರಲ್ಲಿ ಐಸೊಟೋಪು ಹೆಚ್ಚುಕಡಿಮೆ ಇಲ್ಲವೇ ಇಲ್ಲ! ಆ ಕಾಲದಲ್ಲಿ ಬೆಟ್ಟ ಕುಸಿದೇ ಹೋಗಿದೆ. ಯಾರಿಗೂ ಗೊತ್ತಿರಲಿಲ್ಲ ಇದು. ಮುಂದಿನ ತಿಂಗಳು ದೊಡ್ಡ ಸಭೆಯಲ್ಲಿ ಹೇಳ್ತಾ ಇದೀನಿ." ನಾನು ಅಭಿನಂದನೆ ಹೇಳಿ ಫೋನಿಟ್ಟೆ. ದಾಖಲೆ ಪುಸ್ತಕ ತೆರೆದೆ. ಹದಿನೇಳು.

ರಂಗೋಲಿ ಪುಡಿಯೂ ಬೆಣಚುಕಲ್ಲನ್ನು ಕುಟ್ಟಿಯೇ ಮಾಡಿದ್ದು. ಅಂಗಡಿಯ ಡಬ್ಬದಲ್ಲಿದ್ದದ್ದನ್ನು ತಂದು ಜರಡಿಗೆ ಹಾಕಿದೆ. ನನ್ನ ಹರಳುಗಳ ಅಳತೆಯೇ, ಚಮಚಕ್ಕೆ ಸಿಗದೆ ರಾಶಿಗೆ ಇಳಿದದ್ದು ಹರಳುಗಳ ಜೊತೆಗೇ ಹೋಗಿತ್ತು.

ಎರಡು ದಿನ ಊಟ ಸೇರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಮನೆಯೊಳಗೇ ಇದ್ದ ನನಗೆ ಹೊಳೆ, ಗುಂಡಿ, ಬೀರಪ್ಪನ ಮಾತು, ಇವೆಲ್ಲ ಅದರಿಂದಲೇ ಬಂದದ್ದು. ಹೇಳದಿದ್ದರೆ ಮೇಡಂ ದೊಡ್ಡವರ ಸಭೆಯಲ್ಲಿ ನಿಂತು ಗಂಗವ್ವನ ಕಮಲವನ್ನು ಸಹ್ಯಾದ್ರಿಯ ಪ್ರಳಯ ಎಂದು ವಿವರಿಸುತ್ತಾರೆ. ಯಜಮಾನರನ್ನು ಕೇಳಿದೆ. "ಗುಡ್ಡ ಬಂದು ಸಾಕ್ಷಿ ಹೇಳತೈತೇನ? ಸುಮ್ಮಕಿರ" ಎಂದರು. ಮೂರನೆಯ ದಿನ ಫೋನು ಮಾಡಿದೆ.

"ಮೇಡಂ, ಹದಿನೇಳರಾಗ ಬೆಟ್ಟ ಅಷ್ಟ ಇಲ್ರಿ. ರಂಗೋಲಿನೂ ಐತ್ರಿ."

ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ಅವರು ಕೇಳಿದ್ದು ಒಂದೇ: "ಯಾವ ಅಂಗಡಿಯದು? ಒಂದು ಕಿಲೋ ಕಳಿಸಿ."

ಅಳೆದರು. ಆಳದ ಗಣಿಯಿಂದ ಬಂದ ಕಲ್ಲು, ಆಕಾಶವನ್ನೇ ಕಂಡಿಲ್ಲ, ಅದರಲ್ಲಿ ಐಸೊಟೋಪು ಇಲ್ಲವೇ ಇಲ್ಲ. ಸಭೆಯ ಮಾತನ್ನು ಮೇಡಂ ಕೈಬಿಟ್ಟರು. ಒಂದು ದಿನ ವ್ಯಾನಿನಲ್ಲಿ ತಾವೇ ಬಂದು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನಾನು ಮಾದರಿಗಳನ್ನು ಇಡುವ ಉಗ್ರಾಣದ ಕೀಲಿಗೊಂಚಲನ್ನು ಸೆರಗಿನಲ್ಲಿ ಹಿಡಿದು, ಯಾವಾಗ ಕೊಡಲಿ ಎಂದು ನಿಂತಿದ್ದೆ. ಅವರು ದಾಖಲೆ ಪುಸ್ತಕ ತೆರೆದು ಹದಿನೇಳರ ಮುಂದೆ ಬೆರಳಿಟ್ಟರು.

"ಇಷ್ಟು ಚೆಂದದ 'ನಿಲ್' ನಾನು ನನ್ನ ಜನ್ಮದಲ್ಲಿ ನೋಡಿಲ್ಲ" ಎಂದರು.

ನನ್ನ ಕಣ್ಣಲ್ಲಿ ನೀರು ಬಂತು. ಕೀಲಿ ಮುಂದೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. "ನಿಮ್ಮನ್ನ ಬಿಡಿಸಿ ಬೇರೆಯವರನ್ನ ತಂದರೆ ಅವರಿಗೂ ಪಕ್ಕದ ಮನೆ ಇದ್ದೇ ಇರುತ್ತೆ. ಅವರು ನನಗೆ ಹೇಳ್ತಾರೋ ಇಲ್ವೋ ಯಾರಿಗೆ ಗೊತ್ತು? ಆದರೆ ಈ ಬಾಗಿಲಲ್ಲಿ ಇನ್ನು ರಂಗೋಲಿ ಬೇಡ. ನಿಮ್ಮದೂ ಬೇಡ, ಅವರದೂ ಬೇಡ."

ಬೀರಪ್ಪ ಮತ್ತೆ ಅದೇ ಜಾಗ ತೋಡಿದ. ಯಾಕೆ ಮತ್ತೆ ಎಂದು ಕೇಳಿದವನಿಗೆ ನಿಜ ಹೇಳಿ, ಗಂಗವ್ವಗೆ ಹೇಳಬೇಡ ಎಂದು ಬೀರದೇವರ ಆಣೆ ಹಾಕಿಸಿದೆ. ಅವಳ ಮನೆಗೆ ದಿನಾ ಹಾಲು ಹಾಕುವವನು ಅವನೇ. ಹೊಸ ಹದಿನೇಳು ಅಳೆದು ಬಂತು. ಬೆಟ್ಟ ಕುಸಿದೇ ಇರಲಿಲ್ಲ. ಎಂದಿನಂತೆ ಕಾಳು ಕಾಳಾಗಿ ಸವೆದಿತ್ತು. "ಗುಡ್ಡ ಗಟ್ಟಿ ಐತ್ರೆಲಾ, ಸಾಕ ಬಿಡ್ರಿ" ಎಂದು ಬೀರಪ್ಪ ಬೀರದೇವರ ಭಂಡಾರದ ಅರಿಶಿನವನ್ನು ತನ್ನ ಹಣೆಗೆ ಹಚ್ಚಿಕೊಂಡ. ಮೊದಲು ಗುಂಡಿಗೂ ಅದನ್ನು ಎರಚುತ್ತಿದ್ದ, ರಂಗೋಲಿಯ ಪ್ರಸಂಗವಾದ ಮೇಲೆ ಮೇಡಂ ಅದನ್ನು ನಿಲ್ಲಿಸಿದ್ದರು.

ಗಂಗವ್ವನಿಗೆ ಹೇಳುವುದು ನನ್ನ ಪಾಲಿಗೆ ಬಂತು. ನೀನು ಹಾಕಿದ ಕಮಲದಿಂದ ಒಂದು ಬೆಟ್ಟವೇ ಬಿತ್ತು ಎಂದು ಗೆಳತಿಗೆ ಹೇಗೆ ಹೇಳುವುದು? "ಗಂಗವ್ವಾ, ನಮ್ಮ ಹೊಸ್ತಿಲಕ್ಕ ಇನ್ನ ರಂಗೋಲಿ ಬ್ಯಾಡವಾ" ಎಂದೆ, ಅಷ್ಟೆ.

"ಯಾಕಬೇ? ನಂದ ಎಳಿ ಸೊಟ್ಟ ಇರ್ತಾವೇನ?"

"ಛೇ, ಹಂಗಲ್ಲ."

"ಮತ್ತ್ಯಾಕ?"

ನಾನು ಪೊರಕೆ ಎತ್ತಿಕೊಂಡು ಗುಡಿಸತೊಡಗಿದೆ. ಅವಳು ರಂಗೋಲಿ ಡಬ್ಬಿಯ ಮುಚ್ಚಳ ಟಪ್ಪೆಂದು ಹಾಕಿ ಒಳಗೆ ಹೋದಳು. ಮೂರು ತಿಂಗಳು ಮಾತಿಲ್ಲ. ಹೆಪ್ಪಿಗೆ ಮಜ್ಜಿಗೆ ಬೇಕಾದರೆ ನನ್ನ ಗೋಡೆ ದಾಟಿ ಮೂರನೆಯ ಮನೆಗೆ ಹೋಗುತ್ತಿದ್ದಳು, ನಾನು ಕಾಣುವಂತೆ ಬಟ್ಟಲು ಎತ್ತಿ ಹಿಡಿದು. ಓಣಿಯಲ್ಲಿ, ಕಾನ್ವೆಂಟಿನಾಕಿ ಕಡೀಕೂ ಹೊಸ್ತಿಲ ಬಿಟ್ಟಳು ಎಂದು ಮಾತಾಯಿತು. ನಾಲ್ಕನೆಯ ತಿಂಗಳು, ಏನಾಯಿತೋ, ಒಂದು ಬೆಳಿಗ್ಗೆ ಗಂಗವ್ವ ಬಟ್ಟಲು ಹಿಡಿದು ನಮ್ಮ ಬಾಗಿಲಿಗೇ ಬಂದಳು. "ಹೆಪ್ಪ ಐತೇನ?" ಎಂದಳು. ಇತ್ತು. ಮತ್ತೆ ಎಲ್ಲ ಮೊದಲಿನಂತೆ ಆಯಿತು. ಆದರೆ ರಂಗೋಲಿಯ ಮಾತನ್ನು ಇಬ್ಬರೂ ಎಂದೂ ಎತ್ತಲಿಲ್ಲ. ಹಬ್ಬದ ದಿನ ಅವಳ ಅಂಗಳ ತುಂಬ ರಂಗೋಲಿ, ನಮ್ಮದು ಬೋಳು. ಅವಳು ಬೋಳು ನೆಲ ನೋಡಿ ಕಣ್ಣು ಆಚೆ ತೆಗೆಯುವುದು ನನಗೆ ಕಾಣುತ್ತಿತ್ತು. ಈ ಕೆಲಸದಲ್ಲಿ ನನಗೆ ಭಾರವಾದದ್ದು ಉಸುಕಿನ ಬುಟ್ಟಿ ಅಲ್ಲ, ಅದು.

ಸವಿತಾ, ಪದ್ಧತಿ ಈಗ ಬದಲಾಗಿದೆ. ಅಂಚಿನ ಚೀಲ ಹೋಗಿ ಒತ್ತಿದರೆ ಮುಚ್ಚುವ ಪ್ಲಾಸ್ಟಿಕ್ ಕವರು ಬಂದಿದೆ. ಎಲ್ಲಿ ತೋಡಿದೆವು ಎಂದು ನಾನು ಬೇವಿನ ಮರದ ಗುರುತು ಬರೆಯುತ್ತಿದ್ದೆ, ನಿನ್ನ ಫೋನು ಅದನ್ನು ತಾನೇ ಬರೆಯುತ್ತದೆ. ಮೇಲಿನ ಪದರ ಕೆಳಗೆ ಎಂದು ಬರೆಯಲು ಹೋದರೆ ಅದು ಕೆಂಪಾಗಿ ಬೈಯುತ್ತದಂತೆ. ಒಳ್ಳೆಯದು. ಆದರೆ ಅದರಲ್ಲಿ ಷರಾ ಎಲ್ಲಿದೆ ಎಂದು ಕೇಳಿದ್ದಕ್ಕೆ, "ಅದು ಕಂಪಲ್ಸರಿ ಅಲ್ರಿ ಆಂಟಿ, ಸ್ಕಿಪ್ ಮಾಡಬಹುದು" ಎಂದೆ ನೀನು. ಮಾಡಬೇಡವ್ವ. ನಾಯಿ ಹಾದು ಹೋದರೂ ಬರೆ. ನಾಚಿಕೆ ಆದದ್ದನ್ನು ಮೊದಲು ಬರೆ.

ಮಧ್ಯಾಹ್ನ ವ್ಯಾನು ಬಂತು. ಇಪ್ಪತ್ತೆರಡು ಬಾಟಲಿ ಎಣಿಸಿ ಏರಿಸಿದೆವು. ಮೇಡಂ ಬಂದಿರಲಿಲ್ಲ, ಫೋನು ಮಾಡಿದರು. "ಉಪ್ಪಿನಕಾಯಿ ಕಳಿಸೋದನ್ನ ನಿಲ್ಲಿಸಬೇಡಿ. ಲೇಬಲ್ ಸಮೇತ" ಎಂದರು. ಮಾಲತಿ ಮೇಡಂ ಅಷ್ಟು ಹೇಳಿದರೆ ಅದು ಬೇರೆಯವರ ಸನ್ಮಾನಪತ್ರಕ್ಕೆ ಸಮ. ಉಗ್ರಾಣ ಖಾಲಿಯಾಗಿ, ಗುಡಿಸಿದಾಗ ಮೂಲೆಯಲ್ಲಿ ಒಂದು ಕೆಂಪು ಅಂಚಿನ ಚೀಲ ಸಿಕ್ಕಿತು. ಅದನ್ನು ನಾನೇ ಇಟ್ಟುಕೊಂಡೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಡಿಯಿಂದ ತರಿಸಿದ ರಂಗೋಲಿ ಪೊಟ್ಟಣ ಬಿಚ್ಚಿದೆ. ಹನ್ನೊಂದು ವರ್ಷದ ಮೇಲೆ. ಬೆರಳ ನಡುವಿನಿಂದ ಪುಡಿ ಮೊದಲು ದಪ್ಪಗೆ ಬಿತ್ತು, ಆಮೇಲೆ ಕೈ ನೆನಪಿಸಿಕೊಂಡಿತು. ಹೊಸ್ತಿಲ ಮುಂದೆ ಒಂದು ಕಮಲ ಹಾಕಿದೆ, ಗಂಗವ್ವನ ಹಾಗೇ. ಅವಳಿಗೆ ಇವತ್ತಾದರೂ ಎಲ್ಲ ಹೇಳಿಬಿಡಬೇಕು ಎಂದು ಮಾತು ಜೋಡಿಸಿಕೊಳ್ಳುತ್ತ ಅದರ ಮುಂದೆ ಕೂತಿದ್ದೆ. ಅಷ್ಟರಲ್ಲಿ ಅವಳೇ ಬಂದಳು, ಕೈಯಲ್ಲೊಂದು ಸಣ್ಣ ಸ್ಟೀಲಿನ ಬಟ್ಟಲು. ಕಮಲ ನೋಡಿ ನಿಂತಳು.

"ಅಯ್ಯ, ನೀನ ಹಾಕಿಬಿಟ್ಟಿ? ಹಂಗಾದ್ರ ನಂದೇನ ಕೆಲಸ ಇಲ್ಲ."

"ನಿಂದೇನ ಕೆಲಸ ಇತ್ತು?"

"ದಿನಾ ದೀಪದ ಹೊತ್ತಿಗೆ ನೀ ಹಿತ್ತಲದಾಗ ಉಸುಕ ತೊಳ್ಯಾಕ ಕುಂತಾಗ ನಿನ್ನ ಹೊಸ್ತಿಲ ಮೂಲ್ಯಾಗ ನಾಕ ಎಳಿ ಹಾಕ್ತಿದ್ನೆಲಾ. ಹೊಸ್ತಿಲ ಬೋಳ ಇಡಬಾರದಬೇ."

ಹನ್ನೊಂದು ವರ್ಷ! ಇಪ್ಪತ್ತೆರಡು ಬಾಟಲಿ, ಅದರ ಹಿಂದಿನ ಎಪ್ಪತ್ತು, ಅದರ ಹಿಂದಿನವು. ಇಡೀ ಸಹ್ಯಾದ್ರಿ ಕಣ್ಣ ಮುಂದೆ ಮತ್ತೊಮ್ಮೆ ಕುಸಿಯಿತು. ವ್ಯಾನು ಎಲ್ಲಿಯವರೆಗೆ ಹೋಗಿರಬಹುದು ಎಂದು ಲೆಕ್ಕ ಹಾಕುತ್ತ, "ಈ ಪುಡಿನ ಹಾಕ್ತಿದ್ಯಾ ಗಂಗವ್ವಾ?" ಎಂದೆ.

"ಹುಚ್ಚಿ ಅದಿಯೇನ? ಕಲ್ಲಿನ ಪುಡಿ ಬಿದ್ದರ ನಿಮ್ಮ ಮ್ಯಾಡಮ್ಮಂದ ಗುಡ್ಡ ಬೀಳತೈತಿ, ನಿನ್ನ ನೌಕರಿ ಹೊಕ್ಕೈತಿ ಅಂತ ಬೀರಪ್ಪ ಅವಾಗ ಹೇಳಿದ್ದ. ನಾ ಸಿಟ್ಟಾಗಿದ್ದ ಮೂರ ತಿಂಗಳ ತಡದ, ಕಡೀಕ ಆಣಿನ ಮುರದ ಪಾಪ." ಅವಳು ಬಟ್ಟಲನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಅಕ್ಕಿ ಹಿಟ್ಟು.

ಹಿಟ್ಟಿಗೆ ಬೆಟ್ಟದ ಲೆಕ್ಕದಲ್ಲಿ ಜಾಗವಿಲ್ಲ. ತೊಳೆದರೆ ಹೋಗುತ್ತದೆ, ಪ್ರಯೋಗಾಲಯದಲ್ಲಿ ಹರಳು ತೊಳೆಯುವ ಆಮ್ಲದಲ್ಲಂತೂ ಉಳಿಯುವುದಿಲ್ಲ. ನಾನು ಗೋಡೆಗೆ ಒರಗಿ ಉಸಿರು ಬಿಟ್ಟೆ. ಗಂಗವ್ವ ನನ್ನ ಕಮಲದ ಒಂದು ಎಸಳನ್ನು ಬೆರಳಿನಿಂದ ಸರಿಮಾಡಿದಳು. ಬಟ್ಟಲು ಎತ್ತಿಕೊಂಡು ತನ್ನ ಬಾಗಿಲ ಕಡೆ ನಡೆಯುತ್ತ, ತಿರುಗಿ ನೋಡದೆ ಅಂದಳು:

"ನೀನೇನೋ ಕಲ್ಲಿನ ಪುಡಿ ಹಾಕಿದಿ. ನಾಳೆ ಮುಂಜಾನಿ ಆ ಇರುವಿ ಏನ ತಿನಬೇಕ?"